ಪ್ರೋಗ್ರೆಸಿವ್ ರಾಕ್ ಅಂದ್ರೆ ಏನ್ರಿ? ಲೈವ್ ಹಾಡು ಕೇಳೋಕೆ ನಮ್ಮ ಹುಡುಗರು ಬೆಂಗಳೂರಿಗೆ ಯಾಕೆ ಹೋಗ್ತಾರೆ?

ಶಿಗ್ಗಾವಿ: "ಅಲ್ಲೋ, ಮೊಬೈಲ್‌ನ್ಯಾಗ ಪುಕ್ಕಟೆ ಬರೋ ಹಾಡು ಕೇಳಾಕ ರೊಕ್ಕ ಕೊಟ್ಟು ಬೆಂಗಳೂರಿಗೆ ಯಾಕ ಹೊಂಟಿ?"

ಪೇಟೆಯ ಕಿರಾಣಿ ಅಂಗಡಿಯೊಂದರಲ್ಲಿ ಮೊನ್ನೆ ಕಿವಿಗೆ ಬಿದ್ದ ಮಾತಿದು. ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವವ. ಶನಿವಾರ ಬೆಂಗಳೂರಿನಲ್ಲಿ ಯಾವುದೋ ಬ್ಯಾಂಡಿನ ಕಾರ್ಯಕ್ರಮ, ಟಿಕೆಟ್ ಆಗಲೇ ತೆಗೆಸಿದ್ದಾನೆ. ಅಪ್ಪನಿಗೆ ಸಿಟ್ಟು. "ಅಪ್ಪಾ, ಅದು ಪ್ರೋಗ್ರೆಸಿವ್ ರಾಕ್. ಲೈವ್ ಆಗೇ ಕೇಳಬೇಕು" ಅಂತ ಮಗ. "ರಾಕ್ ಅಂದ್ರ ನನಗ ಗೋಟಗೋಡಿ ರಾಕ್ ಗಾರ್ಡನ್ ಒಂದ ಗೊತ್ತು ನೋಡು" ಅಂತ ಅಪ್ಪ. ಮಗ ಬಿಡಲಿಲ್ಲ. "ನೀವು ದೊಡ್ಡಾಟ ನೋಡಾಕ ಬೆಳ್ಳಬೆಳತನಕ ಕುಂದರ್ತಿದ್ರಿ. ಮರುದಿನ ಯಾರರ ಕಥಿ ಹೇಳಿದ್ರ ಸಾಕಾಗ್ತಿತ್ತಿಲ್ಲೇನು?" ಅಂದ. ಅಪ್ಪ ಸಕ್ಕರೆ ಕಟ್ಟುತ್ತಾ ಸುಮ್ಮನಾದರು.

ಹುಡುಗನ ಮಾತಿನಲ್ಲಿ ತೂಕವಿದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇದೇ ಜಗಳ. ಈ ಸಂಗೀತ ಎಂಥದ್ದು, ಅದನ್ನು ಎದುರಿಗೆ ನಿಂತು ಕೇಳುವುದರಲ್ಲಿ ಏನಿದೆ, ನಮ್ಮ ಊರಿಗೂ ಅದಕ್ಕೂ ಏನು ಸಂಬಂಧ ಅಂತ ಸರಳವಾಗಿ ನೋಡೋಣ.

ಮೂರು ನಿಮಿಷದ ಹಾಡು ಸಾಕಾಗದೆ ಹೋದಾಗ

1960ರ ದಶಕದ ಕೊನೆ. ಇಂಗ್ಲೆಂಡಿನಲ್ಲಿ ರಾಕ್ ಸಂಗೀತಕ್ಕೆ ದೊಡ್ಡ ಮಾರುಕಟ್ಟೆ ಇತ್ತು. ಆದರೆ ಹಾಡು ಅಂದ್ರೆ ಸಾಮಾನ್ಯವಾಗಿ ಮೂರು ನಿಮಿಷ, ಅಷ್ಟೇ. ರೇಡಿಯೋದವರು ಅಷ್ಟನ್ನೇ ಹಾಕುತ್ತಿದ್ದರು, ಸಣ್ಣ ಗ್ರಾಮೋಫೋನ್ ತಟ್ಟೆಯ ಒಂದು ಬದಿಗೆ ಅಷ್ಟೇ ಹಿಡಿಯುತ್ತಿತ್ತು. ಪಲ್ಲವಿ, ಚರಣ, ಮತ್ತೆ ಪಲ್ಲವಿ, ನಡುವೆ ಒಂದಿಷ್ಟು ಗಿಟಾರ್, ಮುಗೀತು.

ಕೆಲವು ಹುಡುಗರಿಗೆ ಇದು ಸಾಕಾಗಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಹಳ್ಳಿ ಹಾಡು ಎಲ್ಲವನ್ನೂ ರಾಕ್‌ನೊಳಗೆ ತಂದರು. ಹಾಡನ್ನು ಕಥೆಯ ಹಾಗೆ ಬೆಳೆಸಿದರು. ನಿಧಾನವಾಗಿ ಶುರು, ನಡುವೆ ತಿರುವು, ಲಯ ಬದಲು, ಕೊನೆಗೆ ದೊಡ್ಡ ಏರು. ಇದಕ್ಕೆ 'ಪ್ರೋಗ್ರೆಸಿವ್ ರಾಕ್' ಅಂತ ಹೆಸರು ಬಿತ್ತು. ಅಭಿಮಾನಿಗಳು ಚಿಕ್ಕದಾಗಿ 'ಪ್ರೋಗ್' ಅಂತಾರೆ. ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ಜೆಥ್ರೋ ಟಲ್, ಪಿಂಕ್ ಫ್ಲಾಯ್ಡ್ ಇವು ಆ ಕಾಲದ ದೊಡ್ಡ ಹೆಸರುಗಳು.

ಉದ್ದ ಎಷ್ಟು ಅಂತೀರಾ? ಪಿಂಕ್ ಫ್ಲಾಯ್ಡ್‌ನವರ 'ಎಕೋಸ್' (1971) ಇಪ್ಪತ್ತು ನಿಮಿಷ ದಾಟುತ್ತದೆ, ದೊಡ್ಡ ರೆಕಾರ್ಡಿನ ಒಂದು ಬದಿ ಪೂರ್ತಿ ಅದೊಂದೇ. ಜೆಥ್ರೋ ಟಲ್‌ನವರು 1972ರಲ್ಲಿ ತಂದ 'ಥಿಕ್ ಆ್ಯಸ್ ಎ ಬ್ರಿಕ್' ಇನ್ನೂ ಮುಂದೆ ಹೋಯಿತು. ಎರಡೂ ಬದಿ ಸೇರಿ ಒಂದೇ ಹಾಡು! ಈ ಟಲ್ ಬ್ಯಾಂಡಿನ ನಾಯಕ ಇಯಾನ್ ಆ್ಯಂಡರ್ಸನ್ ಕೊಳಲು ನುಡಿಸುವವರು, ಅದೂ ವೇದಿಕೆ ಮೇಲೆ ಒಂಟಿಗಾಲಲ್ಲಿ ನಿಂತು. ನಮ್ಮ ಜನಕ್ಕೆ ಆ ಭಂಗಿ ನೋಡಿದ ಕೂಡಲೇ ಕೃಷ್ಣ ನೆನಪಾಗುತ್ತಾನೆ.

ಎಲ್ಲರೂ ಇದನ್ನು ಮೆಚ್ಚಲಿಲ್ಲ ಅನ್ನೋದನ್ನೂ ಹೇಳಬೇಕು. 1976–77ರ ಹೊತ್ತಿಗೆ 'ಇದೆಲ್ಲ ಬರೀ ಆಡಂಬರ' ಅಂತ ಬೈದು, ಎರಡೇ ನಿಮಿಷದ ಒರಟು ಹಾಡು ಹಾಡುವ ಪಂಕ್ ಬ್ಯಾಂಡುಗಳು ಬಂದವು. ಆದರೂ ಪ್ರೋಗ್ ಸಾಯಲಿಲ್ಲ.

ಏಳರ ಲೆಕ್ಕ, ನಮ್ಮ ತಬಲಾದವರಿಗೆ ಗೊತ್ತಿರೋದೇ

ಸಿನಿಮಾ ಹಾಡು, ಡಿಜೆ ಹಾಡುಗಳಲ್ಲಿ ಏಟು ಸಾಮಾನ್ಯವಾಗಿ ನಾಲ್ಕರ ಲೆಕ್ಕದಲ್ಲಿ ಇರುತ್ತದೆ. ಒಂದು, ಎರಡು, ಮೂರು, ನಾಲ್ಕು. ಕಾಲು ತಾನಾಗಿ ಕುಣಿಯುತ್ತದೆ. ಪ್ರೋಗ್ ಬ್ಯಾಂಡುಗಳಿಗೆ ಐದು, ಏಳು, ಒಂಬತ್ತರ ಲೆಕ್ಕ ಅಂದ್ರೆ ಇಷ್ಟ. ಪಿಂಕ್ ಫ್ಲಾಯ್ಡ್‌ನವರ ಪ್ರಸಿದ್ಧ 'ಮನಿ' ಹಾಡು ಏಳರ ಲೆಕ್ಕದಲ್ಲಿ ನಡೆಯುತ್ತದೆ. ನಡುವೆ ಗಿಟಾರ್ ಒಂದೇ ಮುಂದೆ ಬಂದಾಗ ಲೆಕ್ಕ ನಾಲ್ಕಕ್ಕೆ ಹೊರಳುತ್ತದೆ, ಆಮೇಲೆ ಮತ್ತೆ ಏಳಕ್ಕೆ. ಕೇಳುವವನಿಗೆ ಲೆಕ್ಕ ಗೊತ್ತಿರದಿದ್ದರೂ 'ಏನೋ ಬದಲಾಯ್ತಲ್ಲ' ಅನ್ನೋ ಜಿಗಿತ ಎದೆಗೆ ತಾಗುತ್ತದೆ.

ಇದು ನಮಗೇನು ಹೊಸದಲ್ಲ. ಏಳು ಮಾತ್ರೆ ಅಂದ್ರೆ ಹಿಂದೂಸ್ತಾನಿಯ ರೂಪಕ ತಾಲ, ಹತ್ತು ಮಾತ್ರೆ ಅಂದ್ರೆ ಝಪತಾಲ. ತಬಲಾ ಕಲಿತ ಯಾರನ್ನಾದರೂ ಕೇಳಿ, ಬೆರಳಲ್ಲಿ ಎಣಿಸಿ ತೋರಿಸ್ತಾರೆ. ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲೇ ನಮ್ಮ ಊರಿದೆ. ಅವರು ಹಾಡುತ್ತಿದ್ದ ಖಯಾಲ್ ಕೂಡ ಹೀಗೇ ಬೆಳೆಯುವ ಸಂಗೀತ. ವಿಲಂಬಿತದಲ್ಲಿ ಒಂದೊಂದೇ ಸ್ವರ ಹಚ್ಚುತ್ತಾ ಹೋಗಿ, ಕೊನೆಗೆ ದ್ರುತ್‌ನಲ್ಲಿ ತಾನುಗಳ ಮಳೆ. ಒಂದು ರಾಗಕ್ಕೆ ಒಂದು ತಾಸು ಕೊಟ್ಟು ಕೂರುವ ತಾಳ್ಮೆ ಈ ಸೀಮೆಗೆ ಇತ್ತು. ಪ್ರೋಗ್ ಕೇಳುವ ಹುಡುಗರು ಕೇಳೋದೂ ಅಂಥದ್ದನ್ನೇ, ವಾದ್ಯ ಮಾತ್ರ ಬೇರೆ.

ಎದುರಿಗೆ ನಿಂತು ಕೇಳಿದರೆ ಏನು ಸಿಗುತ್ತದೆ?

ಈಗ ಅಪ್ಪನ ಪ್ರಶ್ನೆಗೆ ಬರೋಣ. ಮೊಬೈಲ್‌ನಲ್ಲಿ ಸಿಗೋದಕ್ಕೆ ರೊಕ್ಕ ಯಾಕೆ?

ಮೊದಲನೇದು, ಧ್ವನಿ. ಮೊಬೈಲ್ ಸ್ಪೀಕರಿನಲ್ಲಿ ಬೇಸ್ ಗಿಟಾರ್ ಹೆಚ್ಚುಕಡಿಮೆ ಕೇಳಿಸೋದೇ ಇಲ್ಲ. ಮೈದಾನದಲ್ಲಿ ಅದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ. ಡೊಳ್ಳಿನ ಪಕ್ಕ ನಿಂತವರಿಗೆ ಈ ಅನುಭವ ಗೊತ್ತು. ವೀಡಿಯೋದಲ್ಲಿ ಡೊಳ್ಳು ನೋಡಿದರೆ ಎದೆ ನಡುಗುತ್ತದೆಯೇ? ಪಿಂಕ್ ಫ್ಲಾಯ್ಡ್‌ನವರು 1967ರಷ್ಟು ಹಿಂದೆಯೇ ಧ್ವನಿಯನ್ನು ಸಭಾಂಗಣದ ಸುತ್ತ ತಿರುಗಿಸುವ ಯಂತ್ರ ಮಾಡಿಸಿದ್ದರು. ಒಂದು ಹಿಡಿಕೆ ತಿರುಗಿಸಿದರೆ ಹೆಜ್ಜೆ ಸಪ್ಪಳ ಪ್ರೇಕ್ಷಕರ ಬೆನ್ನ ಹಿಂದಿನಿಂದ ಬರುತ್ತಿತ್ತು.

ಎರಡನೇದು, ನೋಟ. ಜೆನೆಸಿಸ್ ಬ್ಯಾಂಡಿನ ಗಾಯಕ ಪೀಟರ್ ಗೇಬ್ರಿಯಲ್ ಹಾಡಿನ ಪಾತ್ರಕ್ಕೆ ತಕ್ಕಂತೆ ವೇಷ ಹಾಕುತ್ತಿದ್ದರು. ಒಮ್ಮೆ ತಲೆಗೆ ದೊಡ್ಡ ಹೂವು, ಇನ್ನೊಮ್ಮೆ ಮುದುಕನ ಮುಖವಾಡ. ಪಿಂಕ್ ಫ್ಲಾಯ್ಡ್‌ನವರು 1980–81ರಲ್ಲಿ 'ದ ವಾಲ್' ಕಾರ್ಯಕ್ರಮಕ್ಕೆ ಮಾಡಿದ್ದು ಇನ್ನೂ ದೊಡ್ಡದು. ಹಾಡು ನಡೆಯುತ್ತಿದ್ದಂತೆ ಕೆಲಸಗಾರರು ರಟ್ಟಿನ ಇಟ್ಟಿಗೆ ಜೋಡಿಸುತ್ತಾ ಬ್ಯಾಂಡಿಗೂ ಜನಕ್ಕೂ ನಡುವೆ ಸುಮಾರು 40 ಅಡಿ ಎತ್ತರದ ಗೋಡೆ ಕಟ್ಟುತ್ತಿದ್ದರು. ಅರ್ಧ ಕಾರ್ಯಕ್ರಮದ ಹೊತ್ತಿಗೆ ಹಾಡುವವರೇ ಕಾಣುತ್ತಿರಲಿಲ್ಲ! ಮನುಷ್ಯ ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯ ಕಥೆ ಅದು. ಕೊನೆಗೆ ಗೋಡೆ ಧಡಧಡ ಬೀಳುತ್ತಿತ್ತು. ಖರ್ಚು ವಿಪರೀತ, ಹಾಗಾಗಿ ನಾಲ್ಕೇ ಊರುಗಳಲ್ಲಿ ಈ ಪ್ರದರ್ಶನ ಆಯಿತು. ಹಾಡು, ವೇಷ, ಕಥೆ, ಬೆಳಕು ಎಲ್ಲ ಒಂದೇ ಅಟ್ಟದ ಮೇಲೆ. ಇದಕ್ಕೆ ನಮ್ಮ ಕಡೆ ಬಯಲಾಟ ಅಂತ ಕರೀತೇವೆ.

ಮೂರನೇದು, ಕಣ್ಣೆದುರು ಹುಟ್ಟುವ ಸಂಗೀತ. ರೆಕಾರ್ಡಿನಲ್ಲಿ ಹಾಡು ಪ್ರತಿಸಲ ಒಂದೇ ಥರ. ವೇದಿಕೆ ಮೇಲೆ ಗಿಟಾರಿನವ ಇವತ್ತು ಎರಡು ನಿಮಿಷ ಹೆಚ್ಚು ನುಡಿಸಬಹುದು, ಡ್ರಮ್ಸ್‌ನವ ಕೆಣಕಬಹುದು, ಒಂದು ಏಟು ತಪ್ಪಿದರೆ ಐದೂ ಜನ ಕಣ್ಣಲ್ಲೇ ಮಾತಾಡಿ ಮತ್ತೆ ಸಮಕ್ಕೆ ಬರಬಹುದು. ಆ ಕಷ್ಟದ ತಿರುವನ್ನು ಅವರು ದಾಟುತ್ತಾರೋ ಇಲ್ಲವೋ ಅನ್ನೋ ಕುತೂಹಲವೇ ದೊಡ್ಡ ಆಕರ್ಷಣೆ. ಪಿಂಕ್ ಫ್ಲಾಯ್ಡ್‌ನವರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ರೆಕಾರ್ಡ್ ಬಿಡುಗಡೆ ಆಗಿದ್ದು 1973ರ ಮಾರ್ಚ್‌ನಲ್ಲಿ. ಆದರೆ 1972ರ ಜನವರಿಯಿಂದಲೇ ಅದನ್ನು ಜನರ ಮುಂದೆ ನುಡಿಸಿ, ತಿದ್ದಿ, ಮತ್ತೆ ನುಡಿಸಿ ಹದ ಮಾಡಿದ್ದರು. ಜನರ ನಡುವೆ ಬೆಳೆದ ಹಾಡು ಆಮೇಲೆ ಸ್ಟುಡಿಯೋಕ್ಕೆ ಹೋಯಿತು.

ಆ ಬ್ಯಾಂಡಿನ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿಗೇ ಬಂದು ಹಾಡಿದ್ದರು. ಕರ್ನಾಟಕದ ಎಷ್ಟೋ ಜನಕ್ಕೆ ಈ ಹುಚ್ಚು ಹಿಡಿದದ್ದು ಇಂಥ ಕಾರ್ಯಕ್ರಮಗಳಿಂದಲೇ.

ನಮ್ಮ ರಾಜ್ಯದ ಬ್ಯಾಂಡುಗಳು

ಕರ್ನಾಟಕದಲ್ಲಿ ಈ ದಾರಿ ಹಿಡಿದವರಲ್ಲಿ 'ಅಗಂ' ದೊಡ್ಡ ಹೆಸರು. 2003ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬ್ಯಾಂಡ್. ಕರ್ನಾಟಕ ಸಂಗೀತ ಮತ್ತು ಪ್ರೋಗ್ರೆಸಿವ್ ರಾಕ್ ಎರಡನ್ನೂ ಹೊಂದಿಸಿ ಹಾಡುತ್ತಾರೆ. ಮುಖ್ಯ ಗಾಯಕ ಹರೀಶ್ ಶಿವರಾಮಕೃಷ್ಣನ್ ಪಿಟೀಲೂ ನುಡಿಸುತ್ತಾರೆ. ತ್ಯಾಗರಾಜರ, ದೀಕ್ಷಿತರ ಕೃತಿಗಳು ಇವರ ವೇದಿಕೆಯಲ್ಲಿ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜತೆ ಬರುತ್ತವೆ. ಸ್ವರ ಹಾಕುವಾಗ ಗಾಯಕ ಒಂದು ಸಾಲು ಎಸೆದರೆ ಗಿಟಾರ್ ಅದನ್ನೇ ಹಿಡಿದು ತಿರುಗಿ ಕೊಡುತ್ತದೆ. ಮೊದಲ ಆಲ್ಬಮ್ 2012ರಲ್ಲಿ, ಎರಡನೇದು 2017ರಲ್ಲಿ ಬಂತು. ಬ್ಯಾಂಡಿನ ಹಲವರು ಬಹಳ ವರ್ಷ ಕಂಪನಿ ನೌಕರಿ ಮಾಡುತ್ತಲೇ, ರಜೆ ದಿನ ನೋಡಿಕೊಂಡು ಹಾಡಿದವರು. ಅಂಗಡಿ ನೋಡಿಕೊಂಡೇ ಭಜನೆಗೆ ಹೋಗುವ ನಮ್ಮವರಿಗೆ ಇದು ಅರ್ಥವಾಗದ ಸಂಗತಿಯಲ್ಲ.

ಇನ್ನೊಂದು ಹೆಸರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. ಅವರದ್ದು ಪೂರ್ತಿ ಪ್ರೋಗ್ ಅಲ್ಲ, ಜಾನಪದ ರಾಕ್ ಅನ್ನಬೇಕು. ಆದರೆ ಲೈವ್ ಕಾರ್ಯಕ್ರಮದ ಆಕರ್ಷಣೆ ಅಂದ್ರೆ ಏನು ಅಂತ ಕನ್ನಡಿಗರಿಗೆ ತೋರಿಸಿದವರಲ್ಲಿ ಅವರು ಮುಂದು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಹತ್ತುತ್ತಾರೆ. ಹಾಡಿನ ಹಿಂದಿನ ಕಥೆ ಹೇಳುತ್ತಾರೆ, ಜನರಿಂದ ಹಾಡಿಸುತ್ತಾರೆ. ಅವರ ತಮ್ಮ ವಾಸು ದೀಕ್ಷಿತ್ ಕಟ್ಟಿದ 'ಸ್ವರಾತ್ಮ' ಬ್ಯಾಂಡಿನದ್ದೂ ವೇಷ, ಬಣ್ಣ, ಕುಣಿತ ತುಂಬಿದ ವೇದಿಕೆ.

ಶಿಶುನಾಳದಿಂದ ಇಂಗ್ಲೆಂಡಿಗೆ

ಈಗ ನಮ್ಮ ಊರಿನ ಮಾತು. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು. ಅದರಲ್ಲಿರುವ 'ಗುಡುಗುಡಿಯ ಸೇದಿ ನೋಡೋ' ಯಾರದ್ದು? ನಮ್ಮ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಶರೀಫಜ್ಜನದ್ದು. ಇದೇ ಬ್ಯಾಂಡ್ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿತು. ಹೊಲದ ಬದುವಿನಲ್ಲಿ ಹುಟ್ಟಿದ ತತ್ವಪದ ಕನ್ನಡದ ಒಂದಕ್ಷರ ಬಾರದ ಜನರ ಕಿವಿಗೂ ಹೀಗೆ ಹೋಗಿ ಮುಟ್ಟಿತು.

ಶರೀಫರ ಕಾಲ 1819ರಿಂದ 1889. ಮುಲ್ಕಿ ಕಲಿತು ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದವರು, ಕಳಸದ ಗೋವಿಂದ ಭಟ್ಟರ ಶಿಷ್ಯರು. ಗುಡುಗುಡಿ, ಮಾಳಿಗಿ, ಬೀಸುವ ಕಲ್ಲು, ಕೋಳಿ ಹೀಗೆ ಮನೆಯೊಳಗಿನ ಸಾಮಾನನ್ನೇ ಹಿಡಿದು ಬದುಕಿನ ದೊಡ್ಡ ಮಾತು ಹೇಳಿದರು. ಈಗಲೂ ಅವರ ಗದ್ದುಗೆಗೆ ಹಿಂದೂ, ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ.

ಈ ಪದಗಳು ಒಂದೇ ಹಾದಿ ಹಿಡಿದು ಬಂದವಲ್ಲ. ಮೊದಲು ಏಕತಾರಿ, ದಮ್ಮಡಿ, ತಾಳ ಹಿಡಿದ ಭಜನಾ ಮೇಳಗಳು ಬಾಯಿಂದ ಬಾಯಿಗೆ ಉಳಿಸಿದವು. ಆಮೇಲೆ ಸಿ. ಅಶ್ವತ್ಥ್ ಅವುಗಳನ್ನು ನಾಡಿನ ತುಂಬ ಹಾಡಿದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು, ಸಂಗೀತ ಅಶ್ವತ್ಥ್ ಅವರದ್ದೇ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ ಜನಸಾಗರವನ್ನು ನೋಡಿದವರು ಇನ್ನೂ ಮರೆತಿಲ್ಲ. ಯಾವ ರಾಕ್ ಬ್ಯಾಂಡಿಗೂ ಹೊಟ್ಟೆಕಿಚ್ಚಾಗುವಷ್ಟು ಜನ, ಅದೂ ಕನ್ನಡ ಭಾವಗೀತೆ, ತತ್ವಪದ ಕೇಳೋಕೆ! ಅದಾದ ಮೇಲೆ ಪದಗಳು ಗಿಟಾರ್, ಡ್ರಮ್ಸ್ ಹಿಡಿದ ಹುಡುಗರ ಕೈಗೆ ಬಂದವು.

'ಗಿಟಾರ್ ಹಾಕಿ ಪದ ಕೆಡಿಸಿದರು' ಅಂತ ಕೆಲ ಹಿರಿಯರ ಬೇಸರ ಇದೆ. ಅದರಲ್ಲೂ ಅರ್ಥವಿದೆ. ಗದ್ದಲ ಹೆಚ್ಚಾಗಿ ಮಾತು ಕೇಳಿಸದೇ ಹೋದರೆ ತತ್ವಪದ ಬರೀ ಕುಣಿತವಾಗುತ್ತದೆ. ಆದರೆ ಬೆರಕೆ ಮಾಡೋದೇ ತಪ್ಪು ಅನ್ನುವ ಮೊದಲು ನಮ್ಮ ಜಿಲ್ಲೆಯ ಇನ್ನಿಬ್ಬರನ್ನು ನೆನೆಯಬೇಕು. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹಿಂದೂಸ್ತಾನಿ, ಕರ್ನಾಟಕ ಎರಡೂ ಕಲಿತು ಉಭಯ ಗಾಯನಾಚಾರ್ಯ ಅನ್ನಿಸಿಕೊಂಡರು. ಅದೇ ತಾಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿಗಳು (1914–2010) ಹಾಡಿನ ಜತೆ ಹತ್ತಾರು ವಾದ್ಯಗಳನ್ನು ಒಲಿಸಿಕೊಂಡರು, ನಾಟಕ ಬರೆದರು, ಕಂಪನಿಯನ್ನೂ ನಡೆಸಿದರು. ಕಣ್ಣು ಕಾಣದ ಇವರು ಎರಡು ಸಂಗೀತದ ನಡುವಿನ ಗೋಡೆಯನ್ನು ಆಗಲೇ ದಾಟಿದ್ದರು. ಒಂದು ಸಂಗೀತವನ್ನು ಪೂರ್ತಿ ಕಲಿತವರು ಇನ್ನೊಂದರ ಜತೆ ಸೇರಿಸಿದರೆ ಅದು ಕೆಡುವುದಿಲ್ಲ, ಬೆಳೆಯುತ್ತದೆ. ಕಲಿಯದೆ ಸೇರಿಸಿದರೆ ಮಾತ್ರ ಗದ್ದಲ.

ನಮ್ಮ ಜಾತ್ರೆಯಲ್ಲಿ ಈಗ ಏನು ನಡೀತಿದೆ?

ಇಲ್ಲಿ ಒಂದು ಕಹಿ ಮಾತು. ಶರೀಫಜ್ಜನ ಪದವನ್ನು ಬೆಂಗಳೂರಿನ ಜನ ಟಿಕೆಟ್ ತೆಗೆಸಿ ಕೇಳುತ್ತಾರೆ. ನಮ್ಮದೇ ಊರುಗಳ ಜಾತ್ರೆ, ಗಣಪತಿ ಮೆರವಣಿಗೆಗೆ ಪಟ್ಟಿ ಎತ್ತಿದ ರೊಕ್ಕದ ದೊಡ್ಡ ಪಾಲು ಡಿಜೆಗೆ ಹೋಗುತ್ತದೆ. ಭಜನಾ ಮೇಳದವರಿಗೆ ಒಂದು ಶಾಲು, ತೆಂಗಿನಕಾಯಿ, ಹೋಗಿ ಬರೋ ಖರ್ಚು. ಹೀಗಾದರೆ ಮೇಳದ ಹಿರಿಯರ ಮನೆಯ ಹುಡುಗ ತಾಳ ಯಾಕೆ ಹಿಡಿಯುತ್ತಾನೆ?

ಡಿಜೆ ಬೇಡ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ, ಕುಣಿಯೋಕೆ ಅದೂ ಬೇಕು. ಆದರೆ ಒಂದು ರಾತ್ರಿಯನ್ನಾದರೂ ಲೈವ್ ಸಂಗೀತಕ್ಕೆ ಕೊಡಬಹುದು. ಗೋಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಊರೂರಿನಲ್ಲಿ ಮೇಳಗಳು ಇನ್ನೂ ಉಳಿದಿವೆ. ಕಾಲೇಜುಗಳಲ್ಲಿ ಗಿಟಾರ್, ಕೀಬೋರ್ಡ್ ಕಲಿತ ಹುಡುಗರಿದ್ದಾರೆ. ಮೇಳದ ಅಜ್ಜ ಪದ ಎತ್ತಿಕೊಟ್ಟು, ಹುಡುಗರು ಹಿಮ್ಮೇಳ ಕೊಟ್ಟರೆ ಅದು ನಮ್ಮದೇ ಬ್ಯಾಂಡ್. ಅಂಗಡಿಕಾರರಿಗೂ ಇದರಲ್ಲಿ ಲಾಭವಿದೆ. ಡಿಜೆ ಮೆರವಣಿಗೆ ಅಂಗಡಿ ಮುಂದೆ ಹಾದು ಹೋಗುತ್ತದೆ, ಅಷ್ಟೇ. ಕೂತು ಕೇಳುವ ಕಾರ್ಯಕ್ರಮಕ್ಕೆ ಮನೆಮಂದಿ ಬರುತ್ತಾರೆ, ಎರಡು ಮೂರು ತಾಸು ಇರುತ್ತಾರೆ. ಮಿರ್ಚಿ, ಗಿರ್ಮಿಟ್, ಚಹಾ, ಆಟಿಕೆ ಎಲ್ಲದಕ್ಕೂ ವ್ಯಾಪಾರ.

ಮಾಡುವವರು ಗಮನಿಸಬೇಕಾದ ನಾಲ್ಕು ಸಂಗತಿ:

1. ಪರವಾನಗಿ: ಧ್ವನಿವರ್ಧಕಕ್ಕೆ ಮೊದಲೇ ಲಿಖಿತ ಅನುಮತಿ ಬೇಕು. ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಅರ್ಜಿ ಕೊಡಿ. ಶಬ್ದಮಾಲಿನ್ಯ ನಿಯಮ 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಹಾಗಾಗಿ ಸಂಜೆ 6ಕ್ಕೇ ಶುರು ಮಾಡೋದು ಜಾಣತನ.

2. ಶಬ್ದದ ಮಿತಿ: ಜನವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಪೇಟೆ ಪ್ರದೇಶಕ್ಕೆ ಹಗಲು 65, ರಾತ್ರಿ 55. ಲೈವ್ ಸಂಗೀತಕ್ಕೆ ಕಿವಿ ಹರಿಯುವ ಶಬ್ದ ಬೇಕಾಗಿಯೂ ಇಲ್ಲ. ಪದದ ಮಾತು ಹಿಂದೆ ಕುಂತವರಿಗೂ ತಿಳಿದರೆ ಸಾಕು.

3. ಕರೆಂಟ್ ಮತ್ತು ಅರ್ಥಿಂಗ್: ಎಲೆಕ್ಟ್ರಿಕ್ ಗಿಟಾರ್ ತಂತಿ ಕೈಯಲ್ಲಿ, ಮೈಕ್ ತುಟಿಯ ಹತ್ತಿರ. ಅರ್ಥಿಂಗ್ ಸರಿ ಇರದಿದ್ದರೆ ಶಾಕ್ ಹೊಡೆಯುತ್ತದೆ, ಜೀವಕ್ಕೇ ಅಪಾಯ. ಪೆಂಡಾಲಿನವರ ಮಾತು ನಂಬಿ ಬಿಡದೆ ಒಬ್ಬ ಒಳ್ಳೆ ವಾಯರ್‌ಮನ್ ಕೈಯಿಂದ ತಪಾಸಣೆ ಮಾಡಿಸಿ.

4. ಸೌಂಡ್ ಚೆಕ್: ಜನ ಬರುವ ಮುನ್ನ ಒಂದು ತಾಸು ಕಲಾವಿದರಿಗೆ ಕೊಡಿ. ಹಾಡುವವರಿಗೆ ತಮ್ಮ ಧ್ವನಿ ತಮಗೆ ಕೇಳಿಸಲು ಅವರ ಕಡೆ ಮುಖ ಮಾಡಿದ ಬೇರೆ ಸ್ಪೀಕರ್ ಇಡಬೇಕು. ಇದಿಲ್ಲದೆ ಎಂಥ ಗಾಯಕನೂ ಶ್ರುತಿ ತಪ್ಪುತ್ತಾನೆ.

ಎಲ್ಲಿಂದ ಕೇಳೋಕೆ ಶುರು ಮಾಡೋದು?

ಒಮ್ಮೆಲೇ ಇಪ್ಪತ್ತು ನಿಮಿಷದ ಇಂಗ್ಲಿಷ್ ಹಾಡು ಹಚ್ಚಬೇಡಿ, ಬೇಸರ ಬರುತ್ತದೆ. ಮೊದಲು ಶರೀಫರ ಒಂದು ಪದವನ್ನು ಭಜನಾ ಮೇಳದಲ್ಲಿ ಕೇಳಿ. ಅದನ್ನೇ ಅಶ್ವತ್ಥ್ ಧ್ವನಿಯಲ್ಲಿ ಕೇಳಿ. ಆಮೇಲೆ ರಘು ದೀಕ್ಷಿತ್ ಬ್ಯಾಂಡಿನ ಲೈವ್ ವೀಡಿಯೋ ನೋಡಿ. ಅಲ್ಲಿಂದ ಅಗಂ, ಕೊನೆಗೆ ಪಿಂಕ್ ಫ್ಲಾಯ್ಡ್. ಇಯರ್‌ಫೋನ್ ಹಾಕಿಕೊಳ್ಳಿ, ಅಂಗಡಿ ಮುಚ್ಚಿದ ಮೇಲೆ ಕೇಳಿ. ಏಳರ ಲೆಕ್ಕ ಬಂದಾಗ ಬೆರಳಲ್ಲಿ ಎಣಿಸಿ ನೋಡಿ.

ಅಂದಹಾಗೆ ಆ ಕಿರಾಣಿ ಅಂಗಡಿಯ ಜಗಳ ರಾಜಿಯಲ್ಲಿ ಮುಗಿಯಿತು. ಮಗ ಬೆಂಗಳೂರಿಗೆ ಹೋಗಬಹುದು, ಆದರೆ ಸಂತೆ ದಿನದೊಳಗೆ ವಾಪಸ್ ಬಂದು ಗಲ್ಲೆ ಮೇಲೆ ಕೂರಬೇಕು. ಹೊರಡುವಾಗ ಅಪ್ಪ ಕೇಳಿದ್ದು ಒಂದೇ ಮಾತು: "ಅವ್ರು ನಮ್ಮ ಶರೀಫಜ್ಜನ ಪದ ಹಾಡಿದ್ರ ಫೋನ್ ಹಚ್ಚು, ನಾನೂ ಕೇಳ್ತೇನಿ."

ನಿಮ್ಮ ಊರಿನಲ್ಲಿ ಇನ್ನೂ ಪದ ಹಾಡುವ ಭಜನಾ ಮೇಳವಿದ್ದರೆ, ಅಥವಾ ಹುಡುಗರು ಸೇರಿ ಬ್ಯಾಂಡ್ ಕಟ್ಟಿದ್ದರೆ ನಮಗೆ ತಿಳಿಸಿ. ಬಂದು ಕೇಳುತ್ತೇವೆ, ಸುದ್ದಿಯನ್ನೂ ಮಾಡುತ್ತೇವೆ.